ಪಹಣಿಯಲ್ಲಿ ಇಲ್ಲದ ಹೆಸರು

ನಮ್ಮ ಕಡೆ ಒಂದು ಮಾತಿದೆ. ಎಸ್ಸೆಸ್ಸೆಲ್ಸಿಗೆ ಕಷ್ಟಪಟ್ಟು ಓದಬೇಕು, ಸೆಕೆಂಡ್ ಪಿಯುಸಿಗೆ ಇನ್ನೂ ಕಷ್ಟಪಟ್ಟು ಓದಬೇಕು; ನಡುವಿನ ಫಸ್ಟ್ ಪಿಯುಸಿ ಮಾತ್ರ ಸ್ವಲ್ಪ ಉಸಿರು ಬಿಡುವ ವರ್ಷ. ಪಬ್ಲಿಕ್ ಪರೀಕ್ಷೆಯ ಹೆದರಿಕೆ ಇಲ್ಲ, ಪೇಪರಿನಲ್ಲಿ ಫೋಟೋ ಬರುವ ಚಿಂತೆ ಇಲ್ಲ. ನಾನೂ ಹಾಗೆಯೇ ತಿಳಿದುಕೊಂಡಿದ್ದೆ. 2023ರ ಜೂನ್‌ನಲ್ಲಿ ಮಗಳು ಫಸ್ಟ್ ಪಿಯುಸಿಗೆ ಸೇರಿದಾಗ, ಇನ್ನೊಂದು ವರ್ಷ ನಿಶ್ಚಿಂತೆ ಎಂದು ಅಂಗಡಿಯ ಗಲ್ಲದ ಮುಂದೆ ಕೂತೆ. ಆ ಒಂದು ವರ್ಷ ನಮ್ಮ ಮನೆಯ ಇಪ್ಪತ್ತು ವರ್ಷಗಳ ಲೆಕ್ಕವನ್ನು ಹೊರಗೆಳೆಯುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಮ್ಮದು ಅಳದಂಗಡಿ. ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ದಾರಿಯಲ್ಲಿ ಸಿಗುವ ಪೇಟೆ. ಅಜಿಲ ಅರಸರ ಅರಮನೆ ಇರುವ ಊರು ಎಂದರೆ ಹೊರಗಿನವರಿಗೆ ಗುರುತು ಸಿಗುತ್ತದೆ. 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲರ ವಂಶ ಅದು. ನನಗೆ ಇಲ್ಲಿ ಒಂದು ದಿನಸಿ ಅಂಗಡಿ ಇದೆ, ಪೇಟೆಯಿಂದ ಸ್ವಲ್ಪ ಒಳಗೆ ಉಪ್ಪ ಮಾಡಿಟ್ಟ ಎರಡೂವರೆ ಎಕರೆ ಅಡಿಕೆ ತೋಟವಿದೆ. ಬೆಳಿಗ್ಗೆ ಏಳು ಗಂಟೆಗೆ ಅಂಗಡಿಯ ಬಾಗಿಲು ತೆಗೆದರೆ ಕಾಲೇಜು ಬಸ್ಸುಗಳ ಮೆರವಣಿಗೆ. ಒಂದು ಮೂಡಬಿದಿರೆಗೆ, ಒಂದು ಉಜಿರೆಗೆ, ಒಂದು ಗುರುವಾಯನಕೆರೆಗೆ. ಕಾಲೇಜುಗಳಿಗೆ ನಮ್ಮ ತಾಲೂಕು ಮತ್ತು ಪಕ್ಕದ ಮೂಡಬಿದಿರೆ ಎಷ್ಟು ಹೆಸರಾಗಿವೆಯೆಂದರೆ ಬೀದರ್, ಬಳ್ಳಾರಿ, ಬಿಜಾಪುರದ ಮಕ್ಕಳು ಇಲ್ಲಿಗೆ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಅಷ್ಟು ದೂರದವರು ಹುಡುಕಿಕೊಂಡು ಬರುವ ಜಾಗದಲ್ಲಿ ಹುಟ್ಟಿದ ನಮ್ಮ ಮಕ್ಕಳ ಬಗ್ಗೆ ನಾವು ಎಷ್ಟು ಯೋಚಿಸಿದ್ದೇವೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನು 2000ನೇ ಇಸವಿಗೆ ಹೋಗಬೇಕು.

ಆ ವರ್ಷ ನಾನು ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿ ಸಿಇಟಿ ಬರೆದೆ. ರಾಜ್ಯದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಕ್ಯಾಪಿಟೇಶನ್ ಕೊಡಲಾಗದ ಮನೆಯ ಮಕ್ಕಳಿಗೂ ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಆಸೆ ಹುಟ್ಟಿಸಿದ್ದು ಅದೇ. ಆಗ ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಬೇಕಿತ್ತು. ಉಪ್ಪ ಅಡಿಕೆ ಮಾರಿದ ಹಣವನ್ನು ಬನಿಯನ್ನಿನ ಒಳಕಿಸೆಯಲ್ಲಿಟ್ಟುಕೊಂಡು ನನ್ನ ಜೊತೆ ರಾತ್ರಿ ಬಸ್ಸು ಹತ್ತಿದರು. ದಾಖಲೆ ಪರಿಶೀಲನೆಯಲ್ಲಿ ನಮ್ಮ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾದ ನಮೂನೆಯಲ್ಲಿಲ್ಲ ಎಂದು ಗೊತ್ತಾಯಿತು. ಪ್ರವರ್ಗ 2ಬಿ ಎಂದು ಹೇಳಿಕೊಳ್ಳಲು ನಮ್ಮ ಕೈಯಲ್ಲಿ ಸರಿಯಾದ ಕಾಗದವೇ ಇರಲಿಲ್ಲ. ತಪ್ಪು ಬೇರೆ ಯಾರದ್ದೂ ಅಲ್ಲ, ನಮ್ಮದೇ. ಏನೇನು ಬೇಕು ಎಂದು ಮುಂಚಿತವಾಗಿ ಕೇಳಿಕೊಳ್ಳಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ. ಸಾಮಾನ್ಯ ವರ್ಗದಲ್ಲಿ ನನ್ನ ರ್‍ಯಾಂಕಿಗೆ ಸಿಗುತ್ತಿದ್ದ ಸೀಟಿನ ಶುಲ್ಕ ಉಪ್ಪನ ಒಳಕಿಸೆಗೆ ನಿಲುಕುವಂತಿರಲಿಲ್ಲ. ಮರುದಿನ ಊರಿಗೆ ಬಂದೆವು. ಮುಂದೆ ಬಿಕಾಂ ಮಾಡಿ ಅಂಗಡಿ ಹಾಕಿದೆ.

ಇದನ್ನು ನಾನು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ. ಆದರೆ ಅದೇ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಆ ವರ್ಷವೇ ನನ್ನ ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ನನಗಿಂತ ಅವಳ ಅಂಕ ಹೆಚ್ಚು. ಬೆಂಗಳೂರಿನ ಖರ್ಚು, ಮುಂದಿನ ನನ್ನ ಕಾಲೇಜಿನ ಖರ್ಚು, ಹೆಣ್ಣುಮಗಳನ್ನು ದಿನವೂ ಬಸ್ಸಿನಲ್ಲಿ ಕಳಿಸುವುದು ಹೇಗೆ ಎಂಬ ಚಿಂತೆ, ಎಲ್ಲ ಸೇರಿ ಅವಳ ಓದು ಅಲ್ಲಿಗೇ ನಿಂತಿತು. ಸೋತ ನನಗೆ ಇನ್ನೊಂದು ಅವಕಾಶ ಸಿಕ್ಕಿತು. ಗೆದ್ದ ಅವಳಿಗೆ ಒಂದೂ ಸಿಗಲಿಲ್ಲ. ಅವಳು ಜಗಳವಾಡಲಿಲ್ಲ. ಐದು ವರ್ಷ ಮನೆಯಲ್ಲಿದ್ದು ಬೀಡಿ ಕಟ್ಟಿದಳು. 2005ರಲ್ಲಿ ವೇಣೂರಿಗೆ ಮದುವೆಯಾಗಿ ಹೋದಳು.

ಇನ್ನು ಮಗಳ ವಿಷಯ. ಅವಳು ಒಂದರಿಂದ ಹತ್ತರವರೆಗೆ ಊರಿನ ಸರಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲೇ ಓದಿದವಳು. 2023ರ ಮಾರ್ಚ್ 31ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು. ಅದಕ್ಕೆ ಸರಿಯಾಗಿ ಒಂದು ವಾರವಿರುವಾಗ, ಮಾರ್ಚ್ 24ರಂದು, ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದು ಮಾಡುವ ನಿರ್ಧಾರವನ್ನು ಆಗಿನ ಸರಕಾರ ಪ್ರಕಟಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎಪ್ರಿಲ್‌ನಲ್ಲಿ, ಸದ್ಯಕ್ಕೆ ಅದನ್ನು ಜಾರಿ ಮಾಡುವುದಿಲ್ಲ ಎಂದು ಸರಕಾರವೇ ಅಲ್ಲಿ ಹೇಳಿದ್ದರಿಂದ ಹಳೆಯ ವ್ಯವಸ್ಥೆ ಮುಂದುವರಿಯಿತು. ಅದಕ್ಕೂ ಮೊದಲು ತಲೆವಸ್ತ್ರದ ವಿವಾದ. 2021ರ ಕೊನೆಗೆ ಉಡುಪಿಯ ಒಂದು ಕಾಲೇಜಿನಿಂದ ಎದ್ದದ್ದು, 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಯಾವ ಕಾಲೇಜು, ಯಾವ ಕಾಂಬಿನೇಶನ್ ಎಂಬುದು ಎಲ್ಲ ಹೆತ್ತವರ ಪ್ರಶ್ನೆ. ನಮ್ಮ ಮನೆಗಳಲ್ಲಿ ಅದಕ್ಕೆ ಇನ್ನೂ ಎರಡು ಪ್ರಶ್ನೆಗಳು ಅಂಟಿಕೊಂಡಿದ್ದವು. ಹೀಗಿರುವಾಗ ಮಕ್ಕಳು ಪುಸ್ತಕದ ಮೇಲೆ ಮನಸ್ಸಿಡುವುದು ಸುಲಭವಲ್ಲ. ನನ್ನ ಮಗಳು ಒಂದೇ ಮಾತು ಹೇಳಿದಳು: "ಉಪ್ಪ, ಕೋರ್ಟಿನ ಕೆಲಸ ಕೋರ್ಟು ಮಾಡಲಿ. ನನ್ನ ಕೆಲಸ ನಾನು ಮಾಡ್ತೇನೆ."

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಒಂದೇ: ಡಾಕ್ಟರಾ? ಎಂಜಿನಿಯರಾ? ನೀಟ್ ಕೋಚಿಂಗ್ ಇರುವ ದೊಡ್ಡ ಕಾಲೇಜುಗಳ ಎರಡು ವರ್ಷದ ಹಾಸ್ಟೆಲ್, ಕೋಚಿಂಗ್, ಫೀಸು ಸೇರಿಸಿದರೆ ಲಕ್ಷಗಳ ಲೆಕ್ಕ. ಸಾಲ ಮಾಡಿಯಾದರೂ ಸೇರಿಸು ಎಂದವರಿದ್ದರು. ಹುಡುಗಿಗೆ ಯಾಕೆ ಅಷ್ಟು, ಅದೇ ದುಡ್ಡಿಗೆ ಚಿನ್ನ ಮಾಡಿಸಿಡು ಎಂದವರೂ ಇದ್ದರು. ಮಗಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಒಂದು ರಾತ್ರಿ ನಾನು ಕೇಳಿದೆ. "ನನಗೆ ಬಿಎಸ್ಸಿ ಅಗ್ರಿ ಮಾಡಬೇಕು" ಎಂದಳು.

ನನಗೆ ನಗು ಬಂತು. ತೋಟದಿಂದ ಬಿಡಿಸಿಕೊಳ್ಳಲಿ ಎಂದೇ ಅಲ್ಲವೇ ನಾವು ಮಕ್ಕಳನ್ನು ಓದಿಸುವುದು? ಇವಳು ಓದಿ ಮತ್ತೆ ತೋಟಕ್ಕೇ ಬರುತ್ತೇನೆ ಎನ್ನುತ್ತಾಳೆ. ಆದರೆ ಅವಳಿಗೆ ಅವಳದ್ದೇ ಕಾರಣವಿತ್ತು. ಕೊಳೆರೋಗ ನಮಗೆ ಹಳೆಯ ಪರಿಚಯ. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡು ಘಟ್ಟದ ಮೇಲೂ ಕೆಳಗೂ ತೋಟಗಳನ್ನು ಹಾಳುಗೆಡವಿದೆ. ಸೋಗೆ ಹಳದಿಯಾಗಿ ಒಣಗುವುದನ್ನು ನೋಡಿ ನಾವು ಔಷಧಿ ಅಂಗಡಿಯವನು ಕೊಟ್ಟದ್ದನ್ನು ತಂದು ಹೊಡೆಯುತ್ತೇವೆ. ಯಾಕೆ ಹೊಡೆಯುತ್ತೇವೆ ಎಂದು ನಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. "ಇಷ್ಟು ತೋಟ ಇರುವ ಊರಲ್ಲಿ ತೋಟದ ಡಾಕ್ಟರ್ ಒಬ್ಬರೂ ಇಲ್ಲ" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಹೀಗೆ ಹತ್ತಿರದ ಒಂದು ಸಾಧಾರಣ ಕಾಲೇಜಿನಲ್ಲಿ ಪಿಸಿಎಂಬಿ ತೆಗೆದುಕೊಂಡಳು. ಮೊದಲ ಮೂರು ತಿಂಗಳು ಅವಳು ಅತ್ತದ್ದು ನನಗೆ ಗೊತ್ತಿಲ್ಲದೆ. ಹೆಂಡತಿ ಆಮೇಲೆ ಹೇಳಿದಳು. ಹತ್ತನೆಯವರೆಗೆ 'ದ್ಯುತಿಸಂಶ್ಲೇಷಣೆ' ಎಂದು ಓದಿದ ಮಗುವಿಗೆ ಒಮ್ಮೆಲೇ ಎಲ್ಲವೂ ಇಂಗ್ಲಿಷಿನಲ್ಲಿ. ಉಪನ್ಯಾಸಕರು ಹೇಳುವುದು ಅರ್ಥವಾಗುವುದರೊಳಗೆ ಗಂಟೆ ಹೊಡೆಯುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಫಸ್ಟ್ ಪಿಯುಸಿಯಲ್ಲಿ ಸೋಲುವುದು ಬುದ್ಧಿ ಸಾಲದೆ ಅಲ್ಲ, ಈ ಮೂರು ತಿಂಗಳಲ್ಲಿ ಯಾರೂ ಕೈಹಿಡಿಯದೆ. ಅವಳ ಜೀವಶಾಸ್ತ್ರದ ಮೇಡಂ ಒಂದು ಉಪಾಯ ಹೇಳಿಕೊಟ್ಟರಂತೆ. ನೋಟ್ ಬುಕ್ಕಿನ ಎಡಪುಟದಲ್ಲಿ ಕನ್ನಡ ಪದ, ಬಲಪುಟದಲ್ಲಿ ಇಂಗ್ಲಿಷ್ ಪದ. ಅಕ್ಟೋಬರಿನ ಹೊತ್ತಿಗೆ ಎಡಪುಟ ಖಾಲಿ ಬೀಳತೊಡಗಿತು.

ಆಗಲೇ ನನಗೂ ತಿಳಿದದ್ದು, ಫಸ್ಟ್ ಪಿಯುಸಿ ಬಿಡುವಿನ ವರ್ಷವಲ್ಲವೆಂದು. ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಒಂದೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗಳು ಎರಡೂ ವರ್ಷದ ಪಾಠಗಳಿಂದ ಬರುತ್ತವೆ. ಸೆಕೆಂಡ್ ಪಿಯುಸಿ ಅಂಕ ಮತ್ತು ಸಿಇಟಿ ಅಂಕ ಎರಡನ್ನೂ ಸೇರಿಸಿ ರ್‍ಯಾಂಕ್ ಕೊಡುತ್ತಾರೆ. ಮೊದಲ ವರ್ಷ ಪಾಸಾದರೆ ಸಾಕು ಎಂದು ಬಿಟ್ಟವರು ಎರಡನೇ ವರ್ಷದಲ್ಲಿ ಎರಡು ವರ್ಷದ್ದನ್ನು ಹೊರಬೇಕು. ಮೆಡಿಕಲ್‌ಗೆ ಈಗ ನೀಟ್ ಇದೆ, ಅಲ್ಲಿಯೂ ಕತೆ ಇದೇ. ಜೊತೆಗೆ ತಪ್ಪು ಉತ್ತರಕ್ಕೆ ಅಂಕ ಕಡಿತ.

ನಮ್ಮ ಮನೆಯಲ್ಲಿ ಕೋಚಿಂಗ್ ಎಂದರೆ ಅಂಗಡಿ ಮತ್ತು ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ನಿಮಗೆ ಗೊತ್ತಿರಬಹುದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಪಾಕ ಸರಿಯಾಗಿದೆಯೇ ಎಂದು ನೋಡಲು ಉಪ್ಪ ಅದರಲ್ಲಿ ಕತ್ತಿಯನ್ನು ಅದ್ದುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕಬೇಕು. ನಾನೂ ಮೂವತ್ತು ವರ್ಷ ಹಾಗೇ ಅದ್ದಿದ್ದೇನೆ. ಮಗಳು ಆ ವರ್ಷ ಅದನ್ನು ನೋಡಿ, "ಉಪ್ಪ, ಅದು ತಾಮ್ರ. ಕಬ್ಬಿಣ ಕರಗಿ ತಾಮ್ರ ಬಂದು ಕೂರುತ್ತದೆ, ನಮ್ಮ ಕೆಮಿಸ್ಟ್ರಿಯಲ್ಲೇ ಇದೆ" ಎಂದಳು. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣವನ್ನು ರೈತರಿಗೆ ಕಲಿಸಿಕೊಟ್ಟದ್ದು ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಎಂದೂ ಅವಳೇ ಓದಿ ಹೇಳಿದಳು. ದೂರದೇಶದವನೊಬ್ಬ ನಮ್ಮ ಅಡಿಕೆಗೆ ಅಷ್ಟು ತಲೆ ಕೆಡಿಸಿಕೊಂಡಿದ್ದ!

ಕೃಷಿ ಕೋರ್ಸುಗಳಿಗೆ ಸಿಇಟಿ ಮೂಲಕ ಸೇರುವಾಗ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ. ಬೀಜ, ಗಿಡ, ಗೊಬ್ಬರ, ಕೃಷಿ ಉಪಕರಣಗಳನ್ನು ಗುರುತಿಸಬೇಕು. ಆ ಅಂಕವೂ ರ್‍ಯಾಂಕಿಗೆ ಸೇರುತ್ತದೆ. ನಮ್ಮ ಕರಾವಳಿಯ ಮಕ್ಕಳಿಗೆ ಅಡಿಕೆ, ಕಾಳುಮೆಣಸು, ಗೇರು ಗೊತ್ತು. ನವಣೆ, ಸಜ್ಜೆ, ಕುಸುಬೆ, ಹುಚ್ಚೆಳ್ಳು ಎಲ್ಲಿ ನೋಡಬೇಕು? ಹುರುಳಿ, ಉದ್ದು, ಹೆಸರು, ಅಲಸಂಡೆ ನನ್ನ ಅಂಗಡಿಯಲ್ಲೇ ಸಿಕ್ಕವು. ಉಳಿದದ್ದನ್ನು ಹುಬ್ಬಳ್ಳಿಯಿಂದ ನೀರುಳ್ಳಿ ತರುವ ಲಾರಿಯ ಚಾಲಕರೊಬ್ಬರು ಒಂದೊಂದು ಮುಷ್ಟಿ ಪೊಟ್ಟಣ ಕಟ್ಟಿ ತಂದುಕೊಟ್ಟರು. "ಮಗಳಿಗೆ ಹೇಳ್ರಿ, ಇದು ನಮ್ಮ ಹೊಲದ್ದ ಜೋಳ" ಎಂದರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹಾರ್ಲಿಕ್ಸ್ ಬಾಟಲಿಗಳಲ್ಲಿ ಬೀಜ ತುಂಬಿ, ಹೆಸರಿನ ಚೀಟಿಯನ್ನು ಅಡಿಗೆ ಅಂಟಿಸಿ, ಮಗಳು ಮನೆಯ ಕಪಾಟನ್ನೇ ಪ್ರಯೋಗಾಲಯ ಮಾಡಿದಳು.

ಇಷ್ಟರವರೆಗೆ ಓದಿನ ಮಾತಾಯಿತು. ಇನ್ನು ಕಾಗದದ ಮಾತು.

2000ದ ನೆನಪು ನನ್ನನ್ನು ಬಿಟ್ಟಿರಲಿಲ್ಲ. ಹಾಗಾಗಿ ಆ ವರ್ಷದ ದಸರಾ ರಜೆಯಲ್ಲೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿದೆವು. ಮೊದಲ ತೊಡಕು ಹೆಸರಿನದ್ದು. ಒಂದು ಕಡೆ ಮಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಮತ್ತೊಂದು ಕಡೆ ಮುಹಮ್ಮದ್. ಇನಿಶಿಯಲ್ ಕೆಲವೆಡೆ ಮುಂದೆ, ಕೆಲವೆಡೆ ಹಿಂದೆ, ಕೆಲವೆಡೆ ಇಲ್ಲವೇ ಇಲ್ಲ. ಬರೆದುಕೊಂಡವರು ಕೇಳಿದಂತೆ ಬರೆದರು, ನಾವು ಕೊಟ್ಟದ್ದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆವು. ಇದು ನಮ್ಮ ಹೆಚ್ಚಿನ ಮನೆಗಳ ಕತೆ. ಅದನ್ನು ಸರಿಮಾಡಿಸಲು ನಾಲ್ಕು ತಿಂಗಳು ಹಿಡಿಯಿತು. 2ಬಿಗೆ ನಮೂನೆ 'ಎಫ್'ನಲ್ಲಿ ಜಾತಿ-ಆದಾಯ ಪ್ರಮಾಣಪತ್ರ, ಅದರ ಮೇಲೆ ಆರ್.ಡಿ. ಸಂಖ್ಯೆ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ್ದಕ್ಕೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5, ಅವಕ್ಕೆ ವ್ಯಾಸಂಗ ಪ್ರಮಾಣಪತ್ರ. ಇವೆಲ್ಲ ಒಂದೊಂದಾಗಿ ಆದವು. ಕೊನೆಗೆ ಉಳಿದದ್ದು ಕೃಷಿಕ ಕುಟುಂಬದ ಪ್ರಮಾಣಪತ್ರ.

ಗ್ರಾಮ ಆಡಳಿತ ಅಧಿಕಾರಿ ಪಹಣಿ ನೋಡಿ, "ಇದು ನಿಮ್ಮ ತಂದೆಯವರ ಹೆಸರಲ್ಲೇ ಇದೆಯಲ್ಲ. ಅವರು ತೀರಿಕೊಂಡು ಎಷ್ಟು ವರ್ಷ ಆಯಿತು?" ಎಂದರು. 2011ರಲ್ಲಿ ಎಂದೆ. "ಮೊದಲು ಪೌತಿ ಖಾತೆ ಮಾಡಿಸಿ. ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಒಪ್ಪಿಗೆ ಬೇಕು."

ಆ ರಾತ್ರಿ ಮಗಳು ಬಿಳಿ ಹಾಳೆಯಲ್ಲಿ ವಂಶವೃಕ್ಷ ಬರೆದಳು. ಮೇಲೆ ಅಜ್ಜ, ಅಜ್ಜಿ. ಕೆಳಗೆ ಮೂರು ಗೆರೆ. ದಮ್ಮಾಮಿನಲ್ಲಿರುವ ನನ್ನ ಅಣ್ಣ, ನಾನು. ಮೂರನೆಯ ಗೆರೆಯ ಬಳಿ ಪೆನ್ನು ನಿಲ್ಲಿಸಿ ಕೇಳಿದಳು: "ಮಾಮಿಯ ಹೆಸರೂ ಬರೆಯಬೇಕಲ್ಲ ಉಪ್ಪ?"

"ಬರೆ. ಅವಳ ಒಂದು ಸಹಿ ತೆಗೆದುಕೊಂಡರೆ ಆಯಿತು" ಎಂದೆ.

ನಾನು ಹೇಳಿದ್ದು ನಮ್ಮ ಊರುಗಳಲ್ಲಿ ಎಲ್ಲರೂ ಹೇಳುವ ಮಾತು. ಹಕ್ಕುಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಒಂದು ಸಹಿ. ಅವರಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಚಿನ್ನ ಹಾಕಿದ್ದೇವೆ, ಬಾಣಂತನ ಮಾಡಿದ್ದೇವೆ, ಪೆರ್ನಾಲಿಗೆ ಬಟ್ಟೆ ಕೊಡುತ್ತೇವೆ, ಇನ್ನೇನು? ಇದರಲ್ಲಿ ಧರ್ಮದ ಭೇದವಿಲ್ಲ. ಪಕ್ಕದ ಮನೆಯ ಶೆಟ್ಟರೂ ಪೂಜಾರಿಗಳೂ ಇದನ್ನೇ ಹೇಳುವುದನ್ನು ಕೇಳಿದ್ದೇನೆ. ಆದರೆ ನಮಗೆ ನೆಪ ಇನ್ನೂ ಕಡಿಮೆ. ಯಾರಿಗೆ ಎಷ್ಟು ಪಾಲು ಎಂದು ನಮ್ಮ ಧರ್ಮ ಲೆಕ್ಕ ಹಾಕಿಯೇ ಕೊಟ್ಟಿದೆ. ಮದುವೆಯಲ್ಲಿ ಕೊಟ್ಟದ್ದು ಪಾಲಿನಿಂದ ಕಳೆಯುವ ಬಾಬ್ತಲ್ಲ. ಉಮ್ಮ ಉಪ್ಪನಿಗಿಂತ ಮೊದಲೇ ಹೋಗಿದ್ದರು. ಹಾಗಾಗಿ ಲೆಕ್ಕ ಸರಳ. ಐದು ಭಾಗ ಮಾಡಬೇಕು, ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಗಳಿಗೆ ಒಂದು. ಎರಡೂವರೆ ಎಕರೆಯಲ್ಲಿ ಅಣ್ಣನಿಗೊಂದು ಎಕರೆ, ನನಗೊಂದು ಎಕರೆ, ತಂಗಿಗೆ ಐವತ್ತು ಸೆಂಟ್ಸ್. ಹನ್ನೆರಡು ವರ್ಷ ಆ ಐವತ್ತು ಸೆಂಟ್ಸಿನ ಅಡಿಕೆಯನ್ನು ಕೊಯ್ದು ಮಾರಿದವನು ನಾನು. ಅವಳು ಕೇಳಿಲ್ಲವಲ್ಲ ಎಂಬುದು ನನ್ನ ಸಮಾಧಾನವಾಗಿತ್ತು.

ನವೆಂಬರಿನ ಒಂದು ಭಾನುವಾರ ಸ್ಟಾಂಪ್ ಪೇಪರಿನಲ್ಲಿ ಬರೆಸಿದ ಕಾಗದವನ್ನೂ ಒಂದು ಕಿಲೋ ಹಲ್ವವನ್ನೂ ಹಿಡಿದುಕೊಂಡು ವೇಣೂರಿಗೆ ಹೋದೆ. ಮಗಳೂ ಬರುತ್ತೇನೆಂದಳು. ತಂಗಿಯ ಮನೆಯ ಗೋಡೆಗೆ ಇನ್ನೂ ಸಾರಣೆಯಾಗಿಲ್ಲ. ಬಾವ ಬಾಡಿಗೆ ರಿಕ್ಷಾ ಓಡಿಸುತ್ತಾರೆ. ಚಾ ಕುಡಿದ ಮೇಲೆ ನಾನು ಕಾಗದ ತೆಗೆದೆ. ಅವಳು ಓದಲೇ ಇಲ್ಲ. "ಮಗಳ ಕಾಲೇಜಿಗಲ್ಲವಾ ಕಾಕ? ಪೆನ್ನು ಕೊಡಿ. ನನ್ನಿಂದ ಒಂದು ಮಗು ಓದುತ್ತದಾದರೆ ಅದಕ್ಕಿಂತ ಹೆಚ್ಚು ಏನು ಬೇಕು?" ಎಂದು ಕೈ ಚಾಚಿದಳು.

ಮಗಳು ಕೇಳಿದಳು: "ಮಾಮಿ, ಓದದೆ ಸಹಿ ಹಾಕ್ತೀರಾ? ನಾನು ಓದಿ ಹೇಳಲಾ?"

ಯಾರೂ ಬೇಡ ಎನ್ನಲಿಲ್ಲ. ಮಗಳು ಗಟ್ಟಿಯಾಗಿ ಓದತೊಡಗಿದಳು. ಸರ್ವೆ ನಂಬ್ರ, ವಿಸ್ತೀರ್ಣ, ಚೆಕ್ಕುಬಂದಿ. ಸದರಿ ಆಸ್ತಿಯಲ್ಲಿ ನನಗಿರುವ ಹಕ್ಕನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ ಎಂಬಲ್ಲಿಗೆ ಬಂದಾಗ ಅವಳ ಧ್ವನಿ ತಗ್ಗಿತು. ತಂಗಿ ನೆಲ ನೋಡುತ್ತಿದ್ದಳು. ನನಗೆ 2000ದ ಆ ಬೇಸಗೆ ನೆನಪಾಯಿತು. ಆಗಲೂ ಅವಳು ಹೀಗೆಯೇ ನೆಲ ನೋಡುತ್ತಾ, ತನ್ನ ಅಂಕಪಟ್ಟಿಯನ್ನು ಉಮ್ಮನ ಕೈಗೆ ಕೊಟ್ಟಿದ್ದಳು. ಒಮ್ಮೆ ನನ್ನ ಓದಿಗಾಗಿ ತನ್ನ ಓದನ್ನು ಬಿಟ್ಟವಳ ಬಳಿಗೆ ಈಗ ನನ್ನ ಮಗಳ ಓದಿಗಾಗಿ ಭೂಮಿಯನ್ನೂ ಬಿಡು ಎಂದು ಬಂದಿದ್ದೆ. ಹಲ್ವ ಹಿಡಿದುಕೊಂಡು.

ನಾನು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡೆ. ಅದನ್ನು ನನ್ನ ಧರ್ಮಭಕ್ತಿ ಎಂದು ಯಾರೂ ತಿಳಿಯಬಾರದು. ಮಗಳು ಅಲ್ಲಿ ಇಲ್ಲದಿದ್ದರೆ ಸಹಿ ಹಾಕಿಸಿಕೊಂಡೇ ಬರುತ್ತಿದ್ದೆ.

ಅಣ್ಣನಿಗೆ ಫೋನ್ ಮಾಡಿದಾಗ ಅವನು ಸಿಟ್ಟಾದ. "ಮದುವೆಗೆ ನಾನು ಕಳಿಸಿದ ರಿಯಾಲಿನ ಲೆಕ್ಕ ಯಾರು ಕೊಡುತ್ತಾರೆ?" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಇಪ್ಪತ್ತು ವರ್ಷ ಮರುಭೂಮಿಯಲ್ಲಿ ದುಡಿದವನು ಅವನು. ಎರಡು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ. ಕೊನೆಗೆ ಅವನಾಗಿಯೇ ಕರೆ ಮಾಡಿ, "ಅಲ್ಲಿಯ ಲೆಕ್ಕಕ್ಕಿಂತ ಇಲ್ಲಿಯ ಲೆಕ್ಕ ಸುಲಭ. ಮುಗಿಸಿಬಿಡುವ" ಎಂದ. ಅಲ್ಲಿಯ ಎಂದರೆ ಪರಲೋಕದ. ಪೌತಿ ಖಾತೆಯಲ್ಲಿ ಮೂವರ ಹೆಸರೂ ಸೇರಿತು. ಸರ್ವೆಯವರು ಬಂದು ಅಳತೆ ಮಾಡಿ 11-ಇ ನಕ್ಷೆ ಆಗುವಾಗ ತಿಂಗಳುಗಳೇ ಕಳೆದವು. 2024ರ ಜೂನ್‌ನಲ್ಲಿ ಬಕ್ರೀದ್ ರಜೆಗೆ ಅಣ್ಣ ಬಂದಿದ್ದಾಗ ಬೆಳ್ತಂಗಡಿಯ ನೋಂದಣಿ ಕಚೇರಿಯಲ್ಲಿ ವಿಭಾಗ ಪತ್ರ ರಿಜಿಸ್ಟರ್ ಆಯಿತು. ಪಹಣಿ ಬೇರೆ ಬೇರೆಯಾಗಿ ಕೈಗೆ ಬಂದದ್ದು ಅಕ್ಟೋಬರಿನಲ್ಲಿ. ಅಂದರೆ ಆರಂಭದಿಂದ ಕೊನೆಯವರೆಗೆ ಒಂದು ವರ್ಷ. ಸೆಕೆಂಡ್ ಪಿಯುಸಿಯ ಫಲಿತಾಂಶ ಬಂದ ಮೇಲೆ ನೋಡುವ ಎಂದಿದ್ದರೆ ಆಗುವ ಕೆಲಸವೇ ಅಲ್ಲ.

ಆ ನಡುವೆ ಫಸ್ಟ್ ಪಿಯುಸಿ ಮುಗಿದಿತ್ತು. ಆ ಬೇಸಗೆಯ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಯಿತು. 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು. ಅದೇ ವರ್ಷ ನೀಟ್ ಕೂಡ ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪದಲ್ಲಿ ಕೋರ್ಟು ಮೆಟ್ಟಿಲೇರಿತು. ಪರೀಕ್ಷೆ ಎಷ್ಟೇ ದೊಡ್ಡದಿದ್ದರೂ ನಡೆಸುವವರು ಮನುಷ್ಯರೇ ಎಂದು ಮಗಳಿಗೆ ಹೇಳಿದೆ. 2025ರ ಎಪ್ರಿಲ್ 16 ಮತ್ತು 17ರಂದು ಅವಳು ಸಿಇಟಿ ಬರೆದಳು. ಆ ದಿನಗಳಲ್ಲೇ ಶಿವಮೊಗ್ಗದಲ್ಲೂ ಬೀದರಿನಲ್ಲೂ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಹುಡುಗರ ಜನಿವಾರಕ್ಕೆ ತಡೆಯೊಡ್ಡಿದ ಸುದ್ದಿ ಬಂತು. ನಮ್ಮ ಮನೆಯಲ್ಲಿ ಅದನ್ನು ಓದಿ ಯಾರೂ ನಗಲಿಲ್ಲ. ಎರಡು ವರ್ಷ ಕಷ್ಟಪಟ್ಟು ಓದಿದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿದರೆ ಆಗುವ ನೋವು ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಹುಚ್ಚೆಳ್ಳನ್ನು ಗುರುತಿಸಿದೆ ಎಂದು ಮಗಳು ಹೊರಬಂದು ಹೇಳಿದ ಮೊದಲ ಮಾತು. ಸೀಟು ಸಿಕ್ಕಿದ್ದು ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಲ್ಲಿ, ಕೃಷಿಕರ ಕೋಟಾದಲ್ಲೇ. ಕಾರ್ಕಳ, ಹೆಬ್ರಿ, ಆಗುಂಬೆ, ತೀರ್ಥಹಳ್ಳಿ ದಾಟಿ ಅವಳನ್ನು ಹಾಸ್ಟೆಲಿಗೆ ಬಿಡಲು ಹೋದಾಗ ಘಟ್ಟದುದ್ದಕ್ಕೂ ಮಳೆ. ಹೆಣ್ಣುಮಗಳನ್ನು ದಿನವೂ ಬಸ್ಸಿನಲ್ಲಿ ಕಳಿಸುವುದು ಹೇಗೆ ಎಂದು ಚಿಂತಿಸಿದ ಅದೇ ಮನೆಯಿಂದ ಹೊರಟ ಪಯಣವದು. ಹಿಂದಿನ ಸೀಟಿನಲ್ಲಿ ತಂಗಿಯೂ ಇದ್ದಳು. ಕಾಲೇಜು ಹೇಗಿರುತ್ತದೆ ಎಂದು ಒಮ್ಮೆ ಒಳಗೆ ಹೋಗಿ ನೋಡಬೇಕು ಎಂದಿದ್ದಳು.

ಕೊನೆಯದಾಗಿ ಜಮಾಅತಿನ ಹಿರಿಯರಲ್ಲಿ, ಹೆತ್ತವರಲ್ಲಿ ಒಂದು ವಿನಂತಿ. ಪ್ರತಿಭಾ ಪುರಸ್ಕಾರದ ವೇದಿಕೆಗಳಲ್ಲಿ 'ಇಕ್ರಅ್' ಎಂಬ ಶಬ್ದದಿಂದಲೇ ನಮ್ಮ ಭಾಷಣಗಳು ಶುರುವಾಗುತ್ತವೆ, ಬಿರಿಯಾನಿಯಲ್ಲಿ ಮುಗಿಯುತ್ತವೆ. ಶೇ. 90 ತೆಗೆದ ಮಗುವಿಗೆ ಶಾಲು ಹೊದಿಸುವ ನಾವು, ಫಸ್ಟ್ ಪಿಯುಸಿಯ ಮೊದಲ ಮೂರು ತಿಂಗಳು ಇಂಗ್ಲಿಷಿಗೆ ಹೆದರಿ ಅಳುವ ಮಗುವನ್ನು ನೋಡುವುದಿಲ್ಲ. ಮಸೀದಿಯ ಮದ್ರಸ ಕೋಣೆ ಸಂಜೆ ಖಾಲಿ ಇರುತ್ತದೆ. ಅಲ್ಲಿ ವಾರಕ್ಕೆರಡು ದಿನ ಪದವಿ ಓದುವ ಹುಡುಗ ಹುಡುಗಿಯರು ಕೂತು ಈ ಮಕ್ಕಳಿಗೆ ಹೇಳಿಕೊಡಬಹುದು. ವರ್ಷಕ್ಕೊಮ್ಮೆ, ಮಕ್ಕಳು ಫಸ್ಟ್ ಪಿಯುಸಿಯಲ್ಲಿರುವಾಗಲೇ, ದಾಖಲೆಗಳನ್ನು ನೋಡಿ ಹೆಸರು ಸರಿ ಇದೆಯೇ, ಪ್ರಮಾಣಪತ್ರ ಯಾವ ನಮೂನೆಯಲ್ಲಿ ಬೇಕು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೆ ಯಾವಾಗ ಅರ್ಜಿ ಹಾಕಬೇಕು ಎಂದು ತಿಳಿಸುವ ಒಂದು ದಿನ ಇಟ್ಟುಕೊಳ್ಳಬಹುದು. ಜಾತಿ ಮತ ನೋಡದೆ ಊರಿನ ಎಲ್ಲ ಮಕ್ಕಳನ್ನೂ ಕರೆದರೆ ಇನ್ನೂ ಒಳ್ಳೆಯದು. ಇದಕ್ಕೆ ಹೆಚ್ಚು ಖರ್ಚಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ ಸಾಕು.

ಇನ್ನೊಂದು ಮಾತು. ಮಕ್ಕಳ ವಂಶವೃಕ್ಷ ಬರೆಯುವಾಗ ಮನೆಯ ಎಲ್ಲ ಗೆರೆಗಳನ್ನೂ ಬರೆಯಿರಿ. ಕೇಳಲಿಲ್ಲ ಎಂದ ಮಾತ್ರಕ್ಕೆ ಅವರಿಗೆ ಬೇಡ ಎಂದು ಅರ್ಥವಲ್ಲ.

ತಂಗಿಯ ಐವತ್ತು ಸೆಂಟ್ಸಿನ ಅಡಿಕೆಯನ್ನು ಕಳೆದ ಸಲ ಅವಳೇ ಆಳು ಕರೆಸಿ ಕೊಯ್ಯಿಸಿದಳು. ಆ ಹಣ ಬಂದ ವಾರ ನನ್ನ ಅಂಗಡಿಗೆ ಬಂದು ಒಂದು ಲಾಂಗ್ ನೋಟ್ ಬುಕ್ಕು, ಎರಡು ಪೆನ್ನು ಕೇಳಿದಳು. ಅವಳ ಕಿರಿಯ ಮಗಳು ಈಗ ಎಂಟನೇ ತರಗತಿ. ಹಣ ಬೇಡ ಎಂದೆ. ಅವಳು ನೋಟನ್ನು ಗಲ್ಲದ ಮೇಲಿಟ್ಟು, ಚಿಲ್ಲರೆಗಾಗಿ ಕೈ ಚಾಚಿದಳು.